ಯಾರೂ ಕೇಳದ ಕ್ರಿಯಾಪದ ಮತ್ತು ಸುಜಾತಳ ಅಕ್ಕನ ಮದುವೆ

"ಶನಿವಾರದ ಪರೀಕ್ಷೆಗೆ ನಾನು ಬರುವುದಿಲ್ಲ ಮೇಡಂ" ಎಂದು ಸುಜಾತಾ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು.

ಮಣಿಪಾಲದಲ್ಲಿ ನಾನು ನರ್ಸುಗಳಿಗೆ ಜರ್ಮನ್ ಕಲಿಸುತ್ತೇನೆ. ಸುಜಾತಾ ಕುಕ್ಕುಂದೂರಿನವಳು, ಹೆರಿಗೆ ವಾರ್ಡಿನ ನರ್ಸ್. ಈ ಪರೀಕ್ಷೆ ಪಾಸಾದರೆ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಉಂಟು.

ಅವತ್ತಷ್ಟೇ ಕ್ಲಾಸಿನಲ್ಲಿ ನನ್ನ ಇಷ್ಟದ ವಿಷಯ ಹೇಳಿದ್ದೆ. ಬಹಳ ಹಿಂದಿನ ಜರ್ಮಾನಿಕ್ ಭಾಷೆಯಲ್ಲಿ 'ಬೆರನ' ಎಂಬ ಕ್ರಿಯಾಪದ ಇತ್ತಂತೆ. ಹೊರುವುದಕ್ಕೂ ಹೆರುವುದಕ್ಕೂ ಅದೇ. ಇಂಗ್ಲಿಷಿನ ಬೇರ್, ಬರ್ತ್, ಜರ್ಮನ್ನಿನ ಗೆಬೇರೆನ್ ಎಲ್ಲ ಅದರ ಸಂತಾನ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ 'ಭಾರ'ವೂ ನೆಂಟನೇ.

ಆದರೆ ಅದನ್ನು ಕೇಳಿ ಬರೆದಿಟ್ಟವರು ಯಾರೂ ಇಲ್ಲ. ಮಕ್ಕಳ ಮುಖ ನೋಡಿ ತಾಯಿ ಹೀಗಿದ್ದಿರಬೇಕು ಎಂದು ಪಂಡಿತರು ಊಹಿಸಿದ್ದು. ಅದಕ್ಕೇ ಅದರ ಮುಂದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ.

"ಎಂತ ಸುಜಾತಾ, ಇಷ್ಟು ಕಲಿತದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗ್ಬೇಕಾ?" ಎಂದು ಗದರಿದೆ.

"ಅಕ್ಕನ ಮದುವೆ ಉಂಟು ಮೇಡಂ."

"ನೀನು ಒಬ್ಬಳೇ ಮಗಳಲ್ವಾ ಮಾರಾಯ್ತಿ?"

"ಅಕ್ಕ ಹುಟ್ಟಿದ ದಿನವೇ ತೀರಿಹೋದಳು. ಹೆಸರೂ ಇಟ್ಟಿರಲಿಲ್ಲ."

ಆಗ ಅರ್ಥವಾಯಿತು… ಕುಲೆ ಮದುವೆ, ಅಂದರೆ ತೀರಿಹೋದವರ ಆತ್ಮಕ್ಕೆ ಮದುವೆ. ಎಳೆಯದರಲ್ಲೇ ಹೋದ ಮಗುವಿಗೆ ಮದುವೆಯ ವಯಸ್ಸಾಯಿತು ಎನ್ನುವಾಗ, ಹಾಗೆಯೇ ಹೋದ ಇನ್ನೊಂದು ಮಗುವನ್ನು ಹುಡುಕಿ ನಮ್ಮ ಕಡೆ ಮಾಡುವ ಮದುವೆ. ಕಾಪುವಿನ ಒಂದು ಮನೆಯಲ್ಲಿ ಗಂಡು ಸಿಕ್ಕಿ, ಶನಿವಾರವೇ ನಿಶ್ಚಯವಾಗಿತ್ತು.

"ಯಾರೂ ಕೇಳದ ಶಬ್ದಕ್ಕೆ ನೀವು ಇಷ್ಟು ಮರ್ಯಾದೆ ಕೊಡ್ತೀರಿ ಮೇಡಂ. ಇವಳನ್ನು ನನ್ನ ಅಮ್ಮ ಒಂಬತ್ತು ತಿಂಗಳು ಹೊತ್ತಿದ್ದಾರೆ. ನಾನೇ ಹೋಗದಿದ್ದರೆ ಹೇಗೆ?"



ಶನಿವಾರ ನಾನೂ ಕುಕ್ಕುಂದೂರಿಗೆ ಹೋದೆ. ಒಂದು ಮಣೆಯ ಮೇಲೆ ಮದುಮಗಳ ಬದಲಿಗೆ ಸೀರೆ, ಬಳೆ. ಪಕ್ಕದ ಮಣೆಯ ಮೇಲೆ ಮದುಮಗನ ಬದಲಿಗೆ ಪಂಚೆ, ಶಲ್ಯ.

ಸುಜಾತಾ ತನ್ನ ಗಂಡನ ಜೊತೆ ಓಡಾಡಿ ನೆಂಟರಿಗೆ ಬಡಿಸುತ್ತಿದ್ದಾಳೆ. ಅತ್ತ ಪರೀಕ್ಷೆಯ ಹೊತ್ತು ಮೀರುತ್ತಿದೆ. ಪರೀಕ್ಷೆ ಮತ್ತೆ ಬರೆಯಬಹುದು, ಆ ಆಸ್ಪತ್ರೆಯವರು ಅಲ್ಲಿಯವರೆಗೆ ಕಾಯುತ್ತಾರೋ ಇಲ್ಲವೋ… ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೇನೆ.

ಊಟದ ಪಂಕ್ತಿಯಲ್ಲಿ ಕಾಪುವಿನಿಂದ ಬಂದ ಅಜ್ಜಿಯೊಬ್ಬರು ಸುಜಾತಳ ಅಮ್ಮನನ್ನು ಕೇಳಿದರು, "ನಿಮಗೆ ಮಕ್ಕಳೆಷ್ಟು?"

ಇಷ್ಟು ವರ್ಷ ಯಾರು ಕೇಳಿದರೂ ಅಮ್ಮ "ಒಬ್ಬಳೇ" ಎನ್ನುತ್ತಿದ್ದರಂತೆ.

"ಇಬ್ಬರು ಹೆಣ್ಣುಮಕ್ಕಳು" ಎಂದರು ಅಮ್ಮ. "ದೊಡ್ಡವಳನ್ನು ಇವತ್ತು ನಿಮ್ಮ ಮನೆಗೇ ಕೊಟ್ಟೆವಲ್ಲ."

ಸುಜಾತಾ ಸೌಟು ಹಿಡಿದುಕೊಂಡು ನಿಂತಲ್ಲೇ ಅತ್ತಳು. ನಾನೂ ಅತ್ತೆ.

ನೀವಾಗಿದ್ದರೆ ಆ ಶನಿವಾರ ಎಲ್ಲಿಗೆ ಹೋಗುತ್ತಿದ್ದಿರಿ?