ಬರವಣಿಗೆಯಲ್ಲಿ ಕೇಳಿದ ಅನುಮತಿ

ಕಣ್ಣು ಕಳೆದುಕೊಂಡಾಗ ನನಗೆ ಹದಿನೆಂಟು. ಕೈಲಾಂಚದ ನಮ್ಮ ಹಿಪ್ಪುನೇರಳೆ ತೋಟದ ಬದುಗಳ ಮೇಲೆ ಅಣ್ಣ ಒಂದು ನಾಟಿ ನಾಯಿಯನ್ನು ವರ್ಷವಿಡೀ ನನಗಾಗಿ ಪಳಗಿಸಿದ. ಹಳ್ಳ ಸಿಕ್ಕರೆ ಅದು ನನ್ನ ಕಾಲಿಗೆ ಅಡ್ಡ ನಿಲ್ಲುತ್ತಿತ್ತು.

ಆಗ ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನನಗೆ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಮೊದಲ ದಿನ ಅಣ್ಣ ಬಿಟ್ಟುಹೋದ. ಎರಡನೇ ದಿನ ನಾಯಿಯ ಜೊತೆ ಹೋದೆ.

“ನಾಯಿನ ಒಳಿಕ್ ಬುಡಕ್ಕಿಲ್ಲ ಕಣಮ್ಮ, ಅಲ್ಲೇ ಮರಕ್ಕೆ ಕಟ್ಟಾಕು,” ಎಂದ ಗೇಟಿನವನು.

“ಕಟ್ಟಾಕಿದ್ರೆ ನಂಗೆ ದಾರಿ ತೋರ್ಸೋರು ಯಾರಣ್ಣಾ?”

“ನಾನೇ ಕೈ ಹಿಡ್ಕಂಡು ಬುಟ್ಬತ್ತೀನಿ.”

“ದಿನಾನೂವಾ? ಊಟಕ್ಕೆ, ಬಾತ್‌ರೂಮಿಗೆ, ಎಲ್ಲಾಕ್ಕೂ?”

ಅವನು ಮ್ಯಾನೇಜರನ್ನು ಕರೆದ. ಅವರು ಬಂದು, “ಆಫೀಸಿನವರೆಗೆ ನಡೆದು ತೋರಿಸಿ, ನೋಡೋಣ,” ಎಂದರು. ಅವರ ಬೂಟಿನ ಸದ್ದು ನನ್ನ ಹಿಂದೆಯೇ ಬಂತು. ಅರ್ಧ ದಾರಿಯಲ್ಲಿ ನಾಯಿ ನಿಂತುಬಿಟ್ಟಿತು. ಎರಡು ಸಲ “ನಡಿ” ಅಂದೆ, ಕದಲಲಿಲ್ಲ. ನನ್ನ ಮಾನ ಹೋಯಿತು ಅಂದುಕೊಂಡೆ.

“ಅಯ್ಯೋ, ನಿಲ್ಲಿ, ನಿಲ್ಲಿ!” ಹಿಂದಿನಿಂದ ಮ್ಯಾನೇಜರ್ ಕೂಗಿದರು. “ಪೈಪಿಗೆ ಅಂತ ನಿನ್ನೆ ಸಂಜೆ ಗುಂಡಿ ತೋಡಿದಾರೆ. ನನಗೇ ಮರೆತುಹೋಗಿತ್ತು.”

ನಾಯಿ ನನ್ನನ್ನು ಎಡಕ್ಕೆ ಎಳೆದು, ಗುಂಡಿ ಬಳಸಿ, ಆಫೀಸಿನ ಮೆಟ್ಟಿಲಿಗೆ ಮುಟ್ಟಿಸಿತು.

“ಬರಲಿ ಬಿಡಿ, ಮೇಜಿನ ಕೆಳಗೆ ಮಲಗಿರಲಿ,” ಎಂದರು ಅವರು. ನಾನು ಕೂರಲಿಲ್ಲ.

“ಅದನ್ನೇ ಬರೆದುಕೊಡಿ ಸಾರ್. ನಾಳೆ ಗೇಟಲ್ಲಿ ಬೇರೆಯವರಿರ್ತಾರೆ. ದಿನಾ ಒಬ್ಬೊಬ್ಬರಿಗೂ ಕೈ ಮುಗಿಯೋಕಾಗಲ್ಲ.”

ಅವರು ನಕ್ಕರು. ನಾನು ನಗಲಿಲ್ಲ. ಮಧ್ಯಾಹ್ನ ಟೈಪ್ ಮಾಡಿದ ಕಾಗದ ಕೈಗೆ ಬಂತು. ಮೊಹರಿನ ಒದ್ದೆ ಇನ್ನೂ ಬೆರಳಿಗಂಟುತ್ತಿತ್ತು. ಸಂಜೆ ಅಣ್ಣನ ಕೈಲಿ ನಾಲ್ಕು ಸಲ ಓದಿಸಿದೆ.

ಆ ಕಾಗದ ಕಾರ್ಖಾನೆಯ ಹೊರಗೆ ನಡೆಯಬೇಕೆಂದೇನಿರಲಿಲ್ಲ. ಆದರೂ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೆ. ಕೆಲವರು ಗದರಿದರು. ಹೆಚ್ಚಿನವರು ಓದಿ, ಸರಿದು ಜಾಗ ಕೊಟ್ಟರು.

ಎರಡು ವರ್ಷದ ಮೇಲೆ ಆ ಕಾಗದದ ಸುದ್ದಿ ಕೇಳಿ ತಿಪ್ಪಸಂದ್ರ ಕಡೆಯಿಂದ ಒಬ್ಬರು ಕಾರ್ಖಾನೆಗೆ ಫೋನ್ ಮಾಡಿದರು. ಅವರ ಮಗಳಿಗೂ ಕಣ್ಣಿಲ್ಲ, ಕಾಲೇಜಿಗೆ ಸೇರಬೇಕು, ಮನೆಯಲ್ಲೊಂದು ನಾಯಿ ಪಳಗುತ್ತಿದೆ.

“ಆ ಕಾಗ್ದದಾಗೆ ಏನಂತ ಬರ್ಸಿದ್ರಿ ತಾಯಿ? ಒಸಿ ಹೇಳ್ತೀರಾ?”

ನನಗದು ಬಾಯಿಪಾಠವಾಗಿತ್ತು. ಪೆನ್ನು ತಗೊಳ್ಳಿ ಅಂದೆ, ಒಂದೊಂದೇ ಸಾಲು ಬರೆಸಿದೆ.