ಬಾಗಿಲ ಮೇಲಿನ ಎಂಟು

ಅವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿದ್ದವರು ಮೂವರು. ಮೇಜಿನ ಆಚೆ ಪ್ರಿನ್ಸಿಪಾಲ್ ಫಾದರ್. ದಾವಣಗೆರೆಗೆ ವರ್ಗವಾಗಿ ಬಂದು ಅವರಿಗಿನ್ನೂ ವರ್ಷ ತುಂಬಿರಲಿಲ್ಲ. ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ, ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಒಂದು ಕಾಲಕ್ಕೆ ನನ್ನ ಕೈಯಲ್ಲಿ ಕನ್ನಡ ಕಲಿತವನು. ಈಚೆ ನಾನು, ಅದೇ ಹೈಸ್ಕೂಲಿನಲ್ಲಿ ಓದಿ, ಅಲ್ಲೇ ಕನ್ನಡ ಕಲಿಸಿ ನಿವೃತ್ತಳಾದವಳು. ಹೊರಗಿನ ಬೆಂಚಿನ ಮೇಲೆ ಮಂಡಕ್ಕಿ ಭಟ್ಟಿಯ ಒಬ್ಬ ತಾಯಿ, ಅವಳ ಮಗಳು ಕಾದು ಕೂತಿದ್ದರು. ಒಳಗೆ ನಡೆಯುತ್ತಿದ್ದ ಮಾತು ಶಾಲೆಯ ಇತಿಹಾಸದ್ದು. ಹೊರಗಿದ್ದವರಿಗೆ ಬೇಕಾಗಿದ್ದದ್ದು ಎಂಟನೇ ಕ್ಲಾಸಿನಲ್ಲಿ ಒಂದು ಸೀಟು.

ಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಗಿತ್ತು. ಶಾಲೆ ಬೆಳೆದು ಬಂದ ದಾರಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನೂ ಹಿಗ್ಗಿ ಒಪ್ಪಿಕೊಂಡಿದ್ದೆ. ಆ ದಾರಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಒಬ್ಬರೇ, ಶಾಲೆ ಶುರು ಮಾಡಿದ ಸಿಸ್ಟರ್. ಅವರು ಹರಿಹರದಲ್ಲಿ, ಸಿಸ್ಟರ್‌ಗಳ ಮನೆಯಲ್ಲಿ, ಮಂಡಿನೋವು ಹಿಡಿದು ಕೂತಿದ್ದರು.

ಅವರು ಶಾಲೆ ಶುರು ಮಾಡಿದ್ದು ನನ್ನಪ್ಪ ಹತ್ತಿ ಗಿರಣಿಗೆ ಹೋಗುತ್ತಿದ್ದ ಕಾಲದಲ್ಲಿ. ನಮ್ಮ ಓಣಿ ಮುಗಿದಲ್ಲಿ ಮಂಡಕ್ಕಿ ಭಟ್ಟಿಗಳು ಶುರುವಾಗುತ್ತಿದ್ದವು. ಮುಂಜಾನೆ ಎದ್ದರೆ ಹೊಗೆ, ರಾತ್ರಿ ಮಲಗಿದರೆ ಹೊಗೆ. ಅಲ್ಲಿನ ಹೆಣ್ಣುಮಕ್ಕಳಿಗೆ ಏಳನೇ ಕ್ಲಾಸು ಅಂದರೆ ಓದು ಮುಗಿಯಿತು ಅಂತಲೇ ಲೆಕ್ಕ. ಪ್ರೈಮರಿ ಶಾಲೆ ಇದ್ದದ್ದೇ ಅಲ್ಲಿಯವರೆಗೆ. ಆಮೇಲೆ ಭಟ್ಟಿಯ ಕಾದ ಮರಳಿನ ಮುಂದೆ ಮಂಡಕ್ಕಿ ಹುರಿಯುತ್ತ ಕೂಡುವುದು, ಇಲ್ಲವೇ ಮದುವೆ. ಸಿಸ್ಟರ್‌ಗಳು ಆಗ ನಡೆಸುತ್ತಿದ್ದದ್ದು ಶಾಲೆಯನ್ನಲ್ಲ, ಒಂದು ಸಣ್ಣ ದವಾಖಾನೆಯನ್ನು. ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಹುಡುಗಿಯರು ಬರುತ್ತಿದ್ದರು. ಕರಾವಳಿಯಿಂದ ಬಂದಿದ್ದ, ಆಗಿನ್ನೂ ಎಳೆ ವಯಸ್ಸಿನ ಈ ಸಿಸ್ಟರ್ ಪಟ್ಟಿ ಕಟ್ಟುತ್ತ ಕೇಳುತ್ತಿದ್ದರಂತೆ: "ಸ್ಕೂಲಿಗೆ ಯಾಕ ಹೋಗಲ್ಲ?" ಎಲ್ಲರದೂ ಒಂದೇ ಉತ್ತರ: "ಏಳು ಮುಗೀತಲ್ರಿ." ಕೊನೆಗೆ ರೋಗಿಗಳು ಎದ್ದುಹೋದ ಮೇಲೆ ದವಾಖಾನೆಯ ಜಗಲಿಯಲ್ಲೇ ಎಂಟನೇ ಕ್ಲಾಸು ಶುರುವಾಯಿತು. ನಮ್ಮ ಶಾಲೆ ಹುಟ್ಟಿದ್ದು ಹಾಗೆ, ಟಿಂಚರಿನ ವಾಸನೆಯಲ್ಲಿ.

ಶುರು ಮಾಡಿದರೆ ಸಾಕೇ, ಹುಡುಗಿಯರು ಬರಬೇಕಲ್ಲ. ಬೇಸಿಗೆ ರಜೆಯಲ್ಲಿ ಸಿಸ್ಟರ್ ಸೀಮೆಸುಣ್ಣ ಹಿಡಿದು ಓಣಿ ಸುತ್ತುತ್ತಿದ್ದರು. ಏಳು ಮುಗಿಸಿದ ಹುಡುಗಿ ಇರುವ ಮನೆಯಲ್ಲಿ ಕೂತು, ಚಹಾ ಕುಡಿದು, ಮನೆಯ ಹಿರಿಯರ ಜೊತೆ ವಾದಕ್ಕೆ ಇಳಿಯುತ್ತಿದ್ದರು. ಹಿರಿಯರು ಬಾಯಿಬಿಟ್ಟು "ಬರೀರಿ" ಅನ್ನುವವರೆಗೆ ಏಳುತ್ತಿರಲಿಲ್ಲ. ಅಂದ ಮೇಲೆ ಬಾಗಿಲ ಮೇಲೆ ದೊಡ್ಡದಾಗಿ ೮ ಅಂತ ಬರೆದು ಹೊರಡುತ್ತಿದ್ದರು. ಅದು ಎರಡೂ ಕಡೆಯ ಮಾತು. ಹುಡುಗಿಯನ್ನು ಕಳಿಸುತ್ತೇವೆ ಅಂತ ಮನೆಯವರದು, ಜಾಗ ಇಟ್ಟಿರುತ್ತೇವೆ ಅಂತ ಶಾಲೆಯದು. ಹಬ್ಬಕ್ಕೆ ಸುಣ್ಣ ಬಳಿದರೂ ಬಾಗಿಲ ಎಂಟನ್ನು ಯಾರೂ ಒರೆಸುತ್ತಿರಲಿಲ್ಲ. ಗಂಡಿನ ಕಡೆಯವರು ಬಂದರೆ, "ಎಂಟು ಬಿದ್ದೈತ್ರಿ, ಮೂರು ವರ್ಷ ತಡೀರಿ" ಅಂದುಬಿಡುತ್ತಿದ್ದರು. ನನ್ನ ಅಜ್ಜಿ, ಒಂದಕ್ಷರ ಬಾರದವಳು, ನಮ್ಮ ಬಾಗಿಲ ಎಂಟಿಗೆ ದಿನಾ ಅರಿಶಿನ ಹಚ್ಚುತ್ತಿದ್ದಳು.

ಶಾಲೆ ಬೆಳೆಯಿತು. ಜಗಲಿ ಹೋಗಿ ತಗಡಿನ ಶೆಡ್ಡು ಬಂತು, ಶೆಡ್ಡು ಹೋಗಿ ಕಟ್ಟಡ ಬಂತು. ಗಂಡುಹುಡುಗರು ಬಂದರು. ಗಿರಣಿಗಳು ಮುಚ್ಚಿದವು, ನಮ್ಮ ಶಾಲೆ ಮಾತ್ರ ಮಹಡಿಯ ಮೇಲೆ ಮಹಡಿ ಏರಿಸಿತು. ಇಂಗ್ಲಿಷ್ ಮೀಡಿಯಂ ಬಂತು, ಹರಿಹರದಿಂದ ಮಕ್ಕಳನ್ನು ತರಲು ಹಳದಿ ಬಸ್ಸು ಬಂತು. ಬೆಳೆಯುವುದಕ್ಕೆ ನನ್ನ ತಕರಾರೇನೂ ಇಲ್ಲ. ಮಗು ಬೆಳೆಯಲಿ ಅಂತಲೇ ಹಾಲು ಕೊಡುತ್ತೇವೆ. ಬೆಳೆದ ಮಗ ಹೆತ್ತವಳನ್ನು ನೋಡಿ "ಯಾರಮ್ಮ ನೀನು, ಏನು ಬೇಕು" ಅಂತ ಕೇಳಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಅವತ್ತು ಆದದ್ದು ಅದೇ.

"ಮಿಸ್, ಆ ಎಂಟಿನ ಕಥಿ ಮಾತ್ರ ಬಿಡಬ್ಯಾಡ್ರಿ," ಅಂದ ಕಾರ್ಯದರ್ಶಿ. "ಮುಖಪುಟಕ್ಕೇ ಹಾಕೋಣ. ಹಳೇ ಕಟ್ಟಿಗಿ ಬಾಗ್ಲು, ಮ್ಯಾಲೆ ಬಿಳೀ ಎಂಟು. ಕಲರ್‌ನಾಗೆ ಮಸ್ತ್ ಕಾಣ್ತೈತೆ."

ಫಾದರ್ ತಲೆಯಾಡಿಸಿ, ಗಡಿಯಾರ ನೋಡಿ, ಹೊರಗಿದ್ದ ತಾಯಿಯನ್ನು ಒಳಗೆ ಕರೆಸಿದರು. ಬಂದವಳನ್ನು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಸಿಸ್ಟರ್ ಎಂಟು ಬರೆದ ಮನೆಗಳಲ್ಲಿ ಅವಳ ತವರೂ ಒಂದು. ಈಗ ಅದೇ ಭಟ್ಟಿ ಸಾಲಿನಲ್ಲಿ ಸೊಸೆ. ನನ್ನನ್ನು ಕಂಡು ಅವಳ ಮುಖ ಅರಳಿತು. ಸೀಟು ಸಿಕ್ಕೇಬಿಟ್ಟಿತು ಅಂದುಕೊಂಡಳೋ ಏನೋ.

"ಆನ್‌ಲೈನ್ ಅರ್ಜಿ ಹಾಕಿದ್ದೀರಾ ಅಮ್ಮ?" ಫಾದರ್ ಕೇಳಿದರು.

"ಇಲ್ರಿ ಫಾದರ್. ಎಂಟು ಬರ್ಯಾಕೆ ಬರ್ತಾರೆ ಅಂತ ಕಾದ್ವಿ."

"ಯಾರು ಬರ್ತಾರೆ?"

"ಸ್ಕೂಲ್ನೋರು. ಬರ್ಲಿಲ್ಲ. ಸಿಸ್ಟರ್‌ಗೆ ವಯಸ್ಸಾತು, ನಡ್ಯಾಕಾಗಲ್ಲ ಅಂದ್ರು. ಅದಕ್ಕೆ ನಾನೇ ಬರ್ಕೊಂಡೆ. ನಮ್ಮತ್ತೆ 'ಬರಿ' ಅಂದ ಮ್ಯಾಲೇ ಬರ್ದೀನ್ರಿ, ಮಿಸ್. ಸುಳ್ಳಲ್ಲ, ಬೇಕಾದ್ರೆ ಬಂದು ಕೇಳ್ರಿ."

ನಮ್ಮ ಜನ ಬಿಟ್ಟರೆ ಇಂಥ ತಪ್ಪನ್ನು ಬೇರೆ ಯಾರೂ ಮಾಡಲಾರರು. ಶಾಲೆ ಮರೆತ ಮಾತನ್ನು ಅವಳು ಅದರ ಶಾಸ್ತ್ರದ ಸಮೇತ ನಡೆಸಿದ್ದಳು. ಹಿರಿಯರ ಬಾಯಿಂದ ಒಪ್ಪಿಗೆ ಬಿದ್ದಿದೆ, ಬಾಗಿಲ ಮೇಲೆ ಎಂಟು ಬಿದ್ದಿದೆ, ಇನ್ನು ಜಾಗ ಇದ್ದೇ ಇರುತ್ತದೆ ಅಂತ ನೆಮ್ಮದಿಯಾಗಿ ಕೂತಿದ್ದಳು.

ಫಾದರ್ ನಕ್ಕರು. ಕೆಟ್ಟ ನಗೆ ಅಲ್ಲ, ಸಣ್ಣ ಮಕ್ಕಳ ತೊದಲಿಗೆ ನಗುತ್ತೇವಲ್ಲ, ಹಾಗೆ. "ಎಷ್ಟು ಮುಗ್ಧ ಜನ!" ಅಂದರು.

ಕಾರ್ಯದರ್ಶಿಗೆ ಉತ್ಸಾಹ ತಡೆಯಲಾಗಲಿಲ್ಲ. "ಮಿಸ್, ಫೋಟೋಕ್ಕೆ ಬಾಗ್ಲು ಸಿಕ್ತು ನೋಡ್ರಿ! ಬ್ಯಾರೆ ಹುಡುಕೋದೇ ಬ್ಯಾಡ. ನಾಳೆನೇ ಫೋಟೋಗ್ರಾಫರ್ ಕಳಿಸ್ತೀನಿ."

ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು.

"ಬಾಗ್ಲು ಬೇಕು, ಬಾಗ್ಲೊಳಗಿನ ಹುಡುಗಿ ಬ್ಯಾಡ. ಅಲ್ಲೇನೋ?"

"ಹಂಗಲ್ಲ ಮಿಸ್..."

"ಮತ್ತೆ ಹೆಂಗೆ? ಆನೆಕೊಂಡದಾಗೆ ನಿಮ್ಮ ಮನಿ ಬಾಗ್ಲಿಗೆ ಎಂಟು ಬೀಳ್ಲಿಲ್ಲೇನು? ನಿಮ್ಮಕ್ಕ ಯಾವ ಆನ್‌ಲೈನ್‌ನಾಗೆ ಬಂದಿದ್ಲು? ಅಕಿ ಟೀಚರ್ ಆಗಿ ದುಡಿದು ನಿನ್ನ ಓದಿಸಿದ್ದು ಮರ್ತೇನೋ?"

"ಆವಾಗಿನ ಕಾಲ ಬ್ಯಾರೆ ಇತ್ತು ಮಿಸ್."

"ಕಾಲ ಏನೂ ಆಗಿಲ್ಲ. ನಿನ್ನ ಅಂಗಡಿ ದೊಡ್ಡದಾತು, ಅಷ್ಟೇ. ಹತ್ತಿದ ಏಣಿ ಒದೀಬ್ಯಾಡ ಅಂತ ನಿನಗೆ ಕ್ಲಾಸಿನಾಗೆ ಹೇಳಿದವ್ಳು ನಾನೇ. ಒದ್ದು, ಮ್ಯಾಲೆ ಆ ಏಣಿದೇ ಫೋಟೋ ಹಾಕ್ತೀಯಲ್ಲೋ!"

ಫಾದರ್ ಸಮಾಧಾನದ ದನಿಯಲ್ಲಿ, ಸೀಟುಗಳು ತುಂಬಿವೆ, ನಿಯಮ ಒಬ್ಬರಿಗಾಗಿ ಮುರಿದರೆ ಎಲ್ಲರಿಗೂ ಮುರಿಯಬೇಕಾಗುತ್ತದೆ, ಮುಂದಿನ ವರ್ಷ ನೋಡೋಣ ಅಂದರು. ನಿಯಮ! ನಮ್ಮ ಶಾಲೆಗೆ ಮೊದಲು ಇದ್ದದ್ದು ಒಂದೇ ನಿಯಮ: ಹುಡುಗಿ ಬಾರದಿದ್ದರೆ ಶಾಲೆ ಅವಳ ಮನೆಗೆ ಹೋಗಬೇಕು. ಅದನ್ನು ಮುರಿಯುವಾಗ ಯಾರೂ ಸಭೆ ಕರೆದಿರಲಿಲ್ಲ.

ಇತಿಹಾಸ ಬೇರೆಯವರ ಹತ್ತಿರ ಬರೆಸಿಕೊಳ್ಳಿ ಅಂತ ಹೇಳಿ ಎದ್ದುಬಂದೆ. ಗೇಟಿನ ಹತ್ತಿರ ಆ ತಾಯಿ ನನ್ನ ಕೈ ಹಿಡಿದಳು.

"ಮಿಸ್, ನಮ್ಮತ್ತೆ 'ಬರಿ' ಅಂದಿದ್ದು ಈ ಸ್ಕೂಲಿಗಂತ. ಬ್ಯಾರೆ ಸ್ಕೂಲಂದ್ರೆ ಮನೀಗಿರ್ಲಿ ಅಂತಾಳೆ. ಮುಂದಿನ ವರ್ಷ ಅಂದ್ರೆ ಇಕಿ ಭಟ್ಟಿ ಮುಂದೆ ಕೂತಿರ್ತಾಳ್ರಿ. ನನಗೆ ಗೊತ್ತಿಲ್ವಾ?"

ಹುಡುಗಿ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿರುವುದು ಆ ಚಪ್ಪಲಿ.

ಮರುದಿನ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಗೆ ಬೈಯುತ್ತಾ ಹೋದೆ. ಪಕ್ಕದಲ್ಲಿದ್ದ ಕಡರನಾಯಕನಹಳ್ಳಿಯ ಹೆಂಗಸು, "ಯಾಕಕ್ಕಾ, ಸೊಸಿ ಜೊತೆ ಜಗಳ ಆತಾ?" ಅಂತ ಕೇಳಿದಳು. "ಮಗನ ಜೊತೆ" ಅಂದೆ. ಲೋಕದಲ್ಲಿ ಇದ್ದದ್ದೇ ಅನ್ನುವ ಹಾಗೆ ಅವಳು ಒಂದು ಬಾಳೆಹಣ್ಣು ಕೊಟ್ಟಳು.

ಸಿಸ್ಟರ್ ಎಲ್ಲಾ ಕೇಳಿ, ಫೋನು ತರಿಸಿ ಫಾದರ್‌ಗೆ ಹಚ್ಚಿಸಿದರು. ಕರಾವಳಿಯವರಾದರೂ ಅವರ ಬಾಯಲ್ಲಿ ನಮ್ಮ ಓಣಿಯ ಕನ್ನಡವೇ. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಇವರ ಮಾತಷ್ಟೇ ಕೇಳಿಸಿತು: "ಪ್ರಾರ್ಥನೆ ನಾ ಮಾಡ್ತೀನಿ ಫಾದರ್, ಸೀಟು ನೀವು ಕೊಡ್ರಿ." ಕೊನೆಗೆ "ಆತು ಬಿಡ್ರಿ" ಅಂತ ಫೋನಿಟ್ಟರು.

ಆಮೇಲೆ ನನ್ನ ಕಡೆ ತಿರುಗಿ, "ಭಟ್ಟಿಗೆ ಹತ್ರ ಸರ್ಕಾರಿ ಹೈಸ್ಕೂಲು ಎಲ್ಲೈತೆ?" ಅಂದರು.

ಅವರ ಮೇಲೂ ಸಿಟ್ಟು ಬಂತು ನನಗೆ. "ಅಂದ್ರೆ ನಾವು ಸೋತಂಗಲ್ವಾ ಸಿಸ್ಟರ್? ನೀವು ಕಟ್ಟಿದ ಸ್ಕೂಲು ಅದು!"

"ಏನಮ್ಮಾ ನೀನು. ನಾ ಬಂದಿದ್ದು ಹುಡುಗೀರು ಓದ್ಲಿ ಅಂತ. ಬಿಲ್ಡಿಂಗ್ ಕಟ್ಟಾಕೆ ಬಂದಿದ್ನಾ? ಆ ಸಿಟ್ಟು ಇಟ್ಕೊ, ಬ್ಯಾಡ ಅನ್ನಲ್ಲ. ಆದ್ರೆ ಮೊದ್ಲು ಆಟೋ ಕರಿ."

ಮಂಡಿ ಮಡಿಸಲಾಗದ ಆ ಮುದುಕಿಯನ್ನು ಆಟೋದಲ್ಲಿ ಕೂಡಿಸಿಕೊಂಡು ದಾವಣಗೆರೆಯ ಭಟ್ಟಿ ಸಾಲಿಗೆ ಬಂದೆ. ಹುಡುಗಿಯ ಅಜ್ಜಿ ಹೊರಗೆ ಕುರ್ಚಿ ಹಾಕಿಸಿ, "ಬರ್ರಿ ಸಿಸ್ಟರ್, ಕೂಡ್ರಿ" ಅಂತ ಚಹಾ ಕೊಟ್ಟಳು. ಸರ್ಕಾರಿ ಶಾಲೆ ಅಂದ ಕೂಡಲೇ ಮುಖ ತಿರುಗಿಸಿದಳು. ದೊಡ್ಡ ರಸ್ತೆ ದಾಟಬೇಕು, ಗಂಡುಹುಡುಗರ ಜೊತೆ ಕೂಡಬೇಕು, ಹೇಳೋರು ಕೇಳೋರು ಯಾರು, ನಿಮ್ಮ ಸ್ಕೂಲಾದ್ರೆ ನಿಮ್ಮ ಮುಖ ನೋಡಿ ಕಳಿಸ್ತಿದ್ವಿ ಅಂದಳು. ಸಿಸ್ಟರ್ ವಾದ ಮಾಡಿದರು, ಗದರಿದರು, ಎರಡನೇ ಚಹಾ ತರಿಸಿಕೊಂಡರು. ಭಟ್ಟಿಯ ಹೊಗೆಗೆ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೂ ಏಳಲಿಲ್ಲ. ಸಂಜೆಯ ನಮಾಜಿನ ಹೊತ್ತಾಯಿತು. ಅಜ್ಜಿ ಎದ್ದು ನಿಂತು, "ನೀವು ಖುದ್ದು ಕರ್ಕೊಂಡ್ ಹೋಗಿ ಬಿಟ್ಟು ಬರ್ತೀರಾ?" ಅಂತ ಕೇಳಿದಳು.

"ಬರ್ತೀನಿ" ಅಂದರು ಸಿಸ್ಟರ್.

ಸೋಮವಾರ ಸಿಸ್ಟರ್ ಮತ್ತೆ ಹರಿಹರದಿಂದ ಬಂದರು. ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರು ಕುರ್ಚಿ ತರಿಸಿ ಅವರನ್ನು ಕೂಡಿಸಿದರು, ಹುಡುಗಿಯ ಹೆಸರು ಕೇಳಿ ಬರೆದುಕೊಂಡರು, ಎಂಟನೇ ಕ್ಲಾಸಿನ ಕೋಣೆ ತೋರಿಸಿದರು. ಹುಡುಗಿ ಒಳಗೆ ಹೋಗಿ ಕೂತಳು.