ಲೋಲಾಕ್ಷಿಯ ಲಿಬಿಯಾ

ಅಬುಧಾಬಿಯ ರುವೈಸಿನಲ್ಲಿ ಕಂಪನಿ ಕ್ವಾರ್ಟರ್ಸಿನವರು ರಜೆ ಸಿಕ್ಕರೆ ಊರಿನ ಟಿಕೆಟು ತೆಗೆಸುತ್ತಾರೆ. 2004ರ ಚಳಿಗಾಲದಲ್ಲಿ ನರ್ಸ್ ಲೋಲಾಕ್ಷಿ ಮಾತ್ರ ಹತ್ತು ವರ್ಷದ ಮಗಳು ಅಕ್ಷಿತಾಳೊಂದಿಗೆ ಲಿಬಿಯಾಕ್ಕೆ ಹೊರಟಳು. ಗಂಡ ರಿತೇಶನಿಗೆ ರಜೆ ಸಿಗಲಿಲ್ಲ.

ಮದುವೆಯ ಹೊಸತರಲ್ಲಿ ಅವರಿದ್ದದ್ದು ಅಲ್ಲಿಯ ಸಬ್ಹಾದಲ್ಲಿ, ಮರುಭೂಮಿಯ ನಡುವೆ. ಆ ದೇಶದ ಹೆಚ್ಚಿನ ಜನ ಉತ್ತರದ ಕಡಲಂಚಿನಲ್ಲಿ ಬದುಕುತ್ತಾರೆ. ಉಳಿದದ್ದು ಬಹುಪಾಲು ಮರಳು, ಅದರಡಿ ಎಣ್ಣೆ ಮತ್ತು ಸಾವಿರಾರು ವರ್ಷ ಹಳೆಯ ನೀರು. ಆ ನೀರನ್ನು ಕರಾವಳಿಗೆ ಒಯ್ಯುವ ಪೈಪಿನ ಕೆಲಸದಲ್ಲಿ ರಿತೇಶನಿದ್ದ, ಸಬ್ಹಾದ ಆಸ್ಪತ್ರೆಯಲ್ಲಿ ಲೋಲಾಕ್ಷಿ. ವಿಶ್ವಸಂಸ್ಥೆಯ ದಿಗ್ಬಂಧನವಿದ್ದುದರಿಂದ ಹೊರದೇಶದ ವಿಮಾನಗಳು ಬರುತ್ತಿರಲಿಲ್ಲ, ಔಷಧಿಗೂ ಪರದಾಟ. ಹೆರಿಗೆಯಲ್ಲಿ ಅವಳಿಗೆ ರಕ್ತಸ್ರಾವ ನಿಲ್ಲದೆ ಹೋದಾಗ ರಿತೇಶ ಮರುಭೂಮಿಯಲ್ಲಿದ್ದ, ಆಸ್ಪತ್ರೆಯಲ್ಲಿ ಅವಳ ಗುಂಪಿನ ರಕ್ತವಿರಲಿಲ್ಲ. ಪಕ್ಕದ ಮನೆಯ ಮಬ್ರೂಕಾ ತನ್ನ ತಮ್ಮಂದಿರನ್ನೆಲ್ಲ ಎಳೆದುಕೊಂಡು ಬಂದಳು. ಅವರಲ್ಲಿ ಸಾಲಿಮನ ರಕ್ತ ಹೊಂದಿತು. ತಾಯಿ, ಮಗು ಇಬ್ಬರೂ ಉಳಿದರು.

ವಿಮಾನದಲ್ಲಿ ಅಕ್ಷಿತಾ, ಅಲ್ಲಿಯ ಶೇಖ್ ಯಾರು ಎಂದು ಕೇಳಿದಳು.

"ಶೇಖ್ ಇಲ್ಲ ಮಗಾ, ರಾಜನೂ ಇಲ್ಲ. ಊರೂರಿಗೆ ಜನರದ್ದೇ ಸಭೆ, ಸಮಿತಿ ಉಂಟು. ಮಾತಾಡ್ಲಿಕ್ಕೆ ಎಲ್ಲರೂ, ತೀರ್ಮಾನ ಮಾಡ್ಲಿಕ್ಕೆ ಮಾತ್ರ ಮೇಲೆ ಒಬ್ಬನೇ."

"ದಟ್ಸ್ ನಾಟ್ ಫೇರ್, ಅಮ್ಮ."

ಅಲ್ಲಿ ಅದನ್ನು ಹೇಳಬೇಡ ಎಂದಳು ಲೋಲಾಕ್ಷಿ.

ಸಬ್ಹಾದಲ್ಲಿ ಮಬ್ರೂಕಾ ಮಗುವನ್ನು ನೋಡಿ ಅತ್ತೇಬಿಟ್ಟಳು. ಕಾಲು ಮುಟ್ಟಲು ಬಗ್ಗಿದ ಲೋಲಾಕ್ಷಿಯನ್ನು ಹಿಡಿದೆತ್ತಿ, ಅದು ದೇವರಿಗೆ ಮಾತ್ರ ಎಂದಳು. ಬಾರ್ಲಿ ಹಿಟ್ಟಿನ ಮುದ್ದೆಯನ್ನು ಒಂದೇ ತಟ್ಟೆಗೆ ಹಾಕಿ ಎಲ್ಲರನ್ನೂ ಸುತ್ತ ಕೂರಿಸಿದಳು. ಸಾಲಿಮ ಮಾತ್ರ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದ. ಮಬ್ರೂಕಾ ಟಿವಿಯ ಸದ್ದು ಹೆಚ್ಚಿಸಿ ಪಿಸುಗುಟ್ಟಿದಳು: ದೇಶದಲ್ಲಿ ಎಣ್ಣೆಯಿದ್ದೂ ಆಸ್ಪತ್ರೆಯಲ್ಲಿ ಔಷಧಿ ಯಾಕಿಲ್ಲ ಎಂದು ಅವನು ಸಭೆಯಲ್ಲಿ ಕೇಳಿದ್ದ. ಯಾರೋ ಬಂದು ಕರೆದೊಯ್ದರು. ವರ್ಷಗಳ ಮೇಲೆ ಬಿಟ್ಟರು. ಅಂದಿನಿಂದ ಅವನು ಹೀಗೇ.

ಲೋಲಾಕ್ಷಿ ಎದ್ದು ಅವನ ಬಳಿ ಕೂತಳು. ಮಗಳತ್ತ ಕೈ ತೋರಿಸಿ, ತನಗೆ ಬರುವ ಹರಕು ಅರಬ್ಬಿಯಲ್ಲಿ, "ಅಣ್ಣಾ, ಇವಳಿಗೆ ತಾಯಿ ಉಳಿದದ್ದು ನಿನ್ನ ರಕ್ತದಿಂದ" ಎಂದಳು.

ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿದ್ದ ಅಕ್ಷಿತಾ ತಾನಾಗಿಯೇ ಹತ್ತಿರ ಹೋಗಿ, ತನ್ನ ಹೆಸರು ಹೇಳಿ, "ಶುಕ್ರನ್" ಎಂದು ಧನ್ಯವಾದ ಹೇಳಿದಳು. ಸಾಲಿಮ ಅವಳ ಮುಖ ನೋಡಿದ. ಆಮೇಲೆ ಮೂಲೆಯಿಂದೆದ್ದು ಬಂದು ತಟ್ಟೆಯ ಬಳಿ ಕೂತು, ಪಕ್ಕದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟು, ತಿನ್ನು ಎಂದ.